ಮೂಗು ಹಿಡಿಯುವ ದೂಳು, ಮೂಗಿಗೆ ಸಿಗದ ದೂಳು

ಪ್ರಶ್ನೆ: ನಮ್ಮ ಮನೆ ಸೈನೈಡ್ ದಿಬ್ಬಕ್ಕೆ ಹತ್ತಿರ. ಆಷಾಢದ ಗಾಳಿ ಎದ್ದರೆ ಮುಚ್ಚಿಟ್ಟ ಪಾತ್ರೆಯ ಮೇಲೂ ನುಣ್ಣನೆ ಪುಡಿ ಕೂರುತ್ತದೆ. ಮಕ್ಕಳು ಮೂಗು ಸೀಟಿದರೆ ಕರವಸ್ತ್ರವೆಲ್ಲ ಮಾಸಲು. ಸೈನೈಡ್ ಮೂಗಿನಿಂದ ತಲೆಗೇರುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ನಿಜವೇ?
— ಗೃಹಿಣಿ, ಮಾರಿಕುಪ್ಪಂ

ಉತ್ತರ: ದಿಬ್ಬದ ಬದಿಯಲ್ಲೇ ಮಕ್ಕಳನ್ನು ಬೆಳೆಸುವ ತಾಯಿಗೆ ಈ ಭಯ ಬರದಿದ್ದರೇ ಆಶ್ಚರ್ಯ. ಆದರೆ ಕರವಸ್ತ್ರದ ಮೇಲೆ ಕಂಡದ್ದು ಒಳಗೆ ಹೋದ ದೂಳಲ್ಲ, ಮೂಗು ತಡೆದು ಹೊರಹಾಕಿದ ದೂಳು. ಮಕ್ಕಳ ಮೂಗು ತನ್ನ ಕೆಲಸ ಮಾಡುತ್ತಿದೆ.

ಹೊಳ್ಳೆಯ ಬಾಗಿಲಲ್ಲಿರುವ ಕೂದಲು ದಪ್ಪ ಕಣಗಳನ್ನು ತಡೆಯುತ್ತದೆ. ಅಲ್ಲಿಂದ ಒಳಗೆ, ಎರಡೂ ಪಕ್ಕದ ಗೋಡೆಗಳಲ್ಲಿ ಮೂರು ಮೂರು ಟರ್ಬಿನೇಟ್‌ಗಳಿವೆ (ಸುರುಳಿ ಸುತ್ತಿದ ತೆಳು ಮೂಳೆಗಳು). ಗಾಳಿ ಅವುಗಳ ನಡುವೆ ಸುತ್ತಿ ಬಳಸಿ ಹೋಗುವಾಗ ಬೆಚ್ಚಗಾಗುತ್ತದೆ, ತೇವವಾಗುತ್ತದೆ. ದೂಳು ಲೋಳೆಗೆ ಅಂಟುತ್ತದೆ. ಲೋಳೆಯ ಕೆಳಗಿನ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಸುಮಾರು 10 ಸಲ ಬಡಿಯುತ್ತಾ ಅದನ್ನು ಗಂಟಲ ಕಡೆಗೆ ತಳ್ಳುತ್ತವೆ. ನಮಗೆ ಗೊತ್ತಾಗದ ಹಾಗೆ ಅದನ್ನು ನುಂಗಿಬಿಡುತ್ತೇವೆ.

ಸೈನೈಡಿನ ಮಾತಿಗೆ ಬರೋಣ. ಚಿನ್ನದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬೆರೆಸಿದ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದದ್ದೇ ಈ ದಿಬ್ಬ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಬಿಸಿಲು, ಗಾಳಿ ತಾಗಿದರೆ ಸೈನೈಡ್ ಕ್ರಮೇಣ ಒಡೆದುಹೋಗುವ ವಸ್ತು. ಅದು ಮೂಗಿನಿಂದ ತಲೆಗೇರುತ್ತದೆ ಎಂಬ ಭಯ ಬೇಡ. ಹಾಗೆಂದು ದಿಬ್ಬ ಮಕ್ಕಳು ಜಾರಿ ಆಡುವ ಜಾಗವಲ್ಲ. ಅದರ ಬುಡದಲ್ಲಿ ನಿಂತ ನೀರನ್ನೂ ಮುಟ್ಟಗೊಡಬೇಡಿ.

ನನಗೆ ಚಿಂತೆ ಇರುವುದು ದಿಬ್ಬದ ಹೆಸರಿನಲ್ಲಿಲ್ಲದ ಇನ್ನೊಂದರ ಬಗ್ಗೆ: ಸಿಲಿಕಾ (ಬೆಣಚುಕಲ್ಲಿನ ಪುಡಿ). ಮೂಗಿನ ಕಾವಲಿಗೂ ಒಂದು ಮಿತಿಯಿದೆ. 10 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದೊಡ್ಡ ಕಣಗಳಲ್ಲಿ ಹೆಚ್ಚಿನವು ಅಲ್ಲೇ ಸಿಕ್ಕಿಬೀಳುತ್ತವೆ. 5 ಮೈಕ್ರಾನ್‌ಗಿಂತ ಸಣ್ಣವು ನುಸುಳಿ ಶ್ವಾಸಕೋಶದ ತುದಿಗೇ ಹೋಗಬಲ್ಲವು. ಭೂಮಿಯೊಳಗೆ ಕಲ್ಲು ಕೊರೆದ ನಿಮ್ಮ ಹಿರಿಯರಿಗೆ ಸಿಲಿಕೋಸಿಸ್ (ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ) ತಂದದ್ದು ಅಂಥ ದೂಳೇ. ಭಾರತದಲ್ಲಿ ಆ ಕಾಯಿಲೆ ಮೊದಲು ವರದಿಯಾದದ್ದೂ ಈ ಗಣಿಗಳಿಂದ, 1934ರಲ್ಲಿ. ಸುರಂಗದಲ್ಲಿ ವರ್ಷಗಟ್ಟಲೆ ಕುಡಿದ ದೂಳಿಗೂ ಬೀದಿಯ ಗಾಳಿಗೂ ಬಹಳ ಅಂತರವಿದೆ, ಗಾಬರಿ ಬೇಡ. ಎಚ್ಚರ ಇರಲಿ.

ಗಾಳಿಯ ದಿನ ದಿಬ್ಬದ ಕಡೆಯ ಕಿಟಕಿ ಮುಚ್ಚಿ. ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಗುಡಿಸಿದರೆ ಕೂತ ದೂಳು ಮತ್ತೆ ಏಳುತ್ತದೆ. ಕರವಸ್ತ್ರ ಕಟ್ಟಿದರೆ ನುಣ್ಣನೆಯ ದೂಳು ನಿಲ್ಲುವುದಿಲ್ಲ, ಎನ್-95 ಮಾಸ್ಕ್ ಬೇಕು. ಮಗು ಸದಾ ಬಾಯಲ್ಲಿ ಉಸಿರಾಡುತ್ತಿದ್ದರೆ ಈ ಕಾವಲೇ ತಪ್ಪಿಹೋಗುತ್ತದೆ, ವೈದ್ಯರಿಗೆ ತೋರಿಸಿ. ಮನೆಯಲ್ಲಿ ಗಣಿಯಲ್ಲಿ ದುಡಿದ ಹಿರಿಯರಿದ್ದು, ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ಮಾಡಿಸಿ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ. ಅವರು ಎಷ್ಟು ವರ್ಷ ಗಣಿಯೊಳಗೆ ಇಳಿದಿದ್ದರು ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಪ್ರಶ್ನೆ: ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತೇನೆ. ಯಾವಾಗಲೂ ಒಂದು ಹೊಳ್ಳೆ ಕಟ್ಟಿರುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಹನಿ ಹಾಕದೆ ಈಗ ನಿದ್ದೆಯೇ ಬರದು. ಟಾರ್ಚ್ ಬಿಟ್ಟು ನೋಡಿದೆ, ಒಳಗೆ ಕೆಂಪಗೆ ದುರ್ಮಾಂಸ ಕಾಣುತ್ತದೆ.
— ಉದ್ಯೋಗಿ, ಬಂಗಾರಪೇಟೆ

ಉತ್ತರ: ನೀವು ಕಂಡದ್ದು ಬಹುಶಃ ದುರ್ಮಾಂಸವಲ್ಲ. ಕೆಳಗಿನ ಟರ್ಬಿನೇಟ್ ಹಾಗೇ ಕೆಂಪಗೆ, ಉಬ್ಬಿಕೊಂಡು ಕಾಣುತ್ತದೆ. ಅದನ್ನು ಕಂಡು ಹೆದರಿ ಬರುವವರು ಬಹಳ ಮಂದಿ.

ಹೊಳ್ಳೆಗಳು ಸರದಿಯ ಮೇಲೆ ಕಟ್ಟುವುದೂ ದೇಹದ ನಿಯಮವೇ. ಕೆಲವು ಗಂಟೆಗೊಮ್ಮೆ ಒಂದು ಪಕ್ಕದ ಪೊರೆಗೆ ರಕ್ತ ತುಂಬಿ ಉಬ್ಬುತ್ತದೆ, ಇನ್ನೊಂದು ಪಕ್ಕ ಇಳಿಯುತ್ತದೆ. ನೆಗಡಿಯೋ ಅಲರ್ಜಿಯೋ ಸೇರಿಕೊಂಡಾಗ ಮಾತ್ರ ಇದು ನಮ್ಮ ಗಮನಕ್ಕೆ ಬರುತ್ತದೆ. ರೈಲು ಹಳಿಯ ಪಕ್ಕದಲ್ಲೆಲ್ಲ ಬೆಳೆದಿರುವ ಕಾಂಗ್ರೆಸ್ ಗಿಡದ ಪರಾಗವೂ ಅಂಥ ಅಲರ್ಜಿಗೆ ಒಂದು ಕಾರಣ.

ತಿದ್ದಬೇಕಾದದ್ದು ಹನಿಯ ಅಭ್ಯಾಸವನ್ನು. ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಎಂಬ ಹನಿಗಳು ರಕ್ತನಾಳ ಕುಗ್ಗಿಸಿ ಕ್ಷಣದಲ್ಲಿ ಮೂಗು ಬಿಡಿಸುತ್ತವೆ. 5 ದಿನ ಮೀರಿದರೆ, ಮದ್ದಿನ ಪ್ರಭಾವ ಇಳಿದ ಕೂಡಲೇ ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ. ಅದು ತೆರೆದುಕೊಂಡ ಮೇಲೆ ಇನ್ನೊಂದಕ್ಕೆ. ಆ ದಿನಗಳು ಕಷ್ಟ. ಇಎನ್‌ಟಿ (ಕಿವಿ, ಮೂಗು, ಗಂಟಲು) ವೈದ್ಯರು ಬೇರೆ ಬಗೆಯ ಸ್ಪ್ರೇ ಕೊಟ್ಟು ದಾಟಿಸುತ್ತಾರೆ. ಸರದಿ ಬದಲಾಗದೆ ಸದಾ ಒಂದೇ ಹೊಳ್ಳೆ ಕಟ್ಟಿದ್ದರೆ, ಅಥವಾ ಅದರಿಂದ ರಕ್ತ ಬಂದರೆ, ತಡಮಾಡದೆ ತೋರಿಸಿ.

ಪ್ರಶ್ನೆ: ಬಗ್ಗಿದರೆ ಹಣೆ, ಕೆನ್ನೆ ಭಾರ. ಸೈನಸ್, ತಲೆಯಲ್ಲಿ ನೀರು ಕಟ್ಟಿದೆ ಎನ್ನುತ್ತಾರೆ. ಮಿದುಳಿಗೆ ಇಳಿಯುತ್ತದೆಯೇ?
— ನಿವೃತ್ತ ಶಿಕ್ಷಕಿ, ರಾಬರ್ಟ್‌ಸನ್‌ಪೇಟೆ

ಉತ್ತರ: ತಲೆಯೊಳಗೆ ನೀರು ನಿಂತಿಲ್ಲ, ಅಮ್ಮಾ. ಸೈನಸ್ ಎಂಬುದು ಎಲ್ಲರಿಗೂ ಇರುವ ಅಂಗ: ಮುಖದ ಮೂಳೆಗಳೊಳಗಿನ ಗಾಳಿ ಗೂಡು. ಕೆನ್ನೆ, ಹಣೆ, ಕಣ್ಣುಗಳ ನಡುವೆ, ಮೂಗಿನ ಹಿಂದೆ ಆಳದಲ್ಲಿ, ಹೀಗೆ ನಾಲ್ಕು ಜೋಡಿ. ಕೆನ್ನೆಯ ಗೂಡಿನ ಕಿಂಡಿ ಬುಡದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಲೋಳೆಯನ್ನು ರೋಮಗಳೇ ಮೇಲಕ್ಕೆ ಸಾಗಿಸಬೇಕು. ನೆಗಡಿಯಲ್ಲಿ ಕಿಂಡಿ ಊದಿಕೊಂಡರೆ ಲೋಳೆ ಒಳಗೇ ಉಳಿದು ಭಾರವಾಗುತ್ತದೆ.

ಇಂಥ ಭಾರ ಹೆಚ್ಚಿನ ಸಲ ತಾನಾಗಿ ಇಳಿಯುತ್ತದೆ. ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಬೆಳಿಗ್ಗೆ ಸಂಜೆ ಮೂಗು ತೊಳೆಯಿರಿ. ನಲ್ಲಿಯ ನೀರಾಗಲಿ ಬೋರ್‌ವೆಲ್ ನೀರಾಗಲಿ, ಕುದಿಸದೆ ಮೂಗಿಗೆ ಹಾಕಲೇಬೇಡಿ. 10 ದಿನ ದಾಟಿದರೆ, ಅಥವಾ ಇಳಿದ ಮೇಲೆ ಮತ್ತೆ ಜೋರಾದರೆ ವೈದ್ಯರನ್ನು ಕಾಣಿ. ಒಂದೇ ಕೆನ್ನೆ ನೋವು, ಕೆಟ್ಟ ವಾಸನೆ ಇದ್ದರೆ ದಂತವೈದ್ಯರನ್ನೂ ಕಾಣಿ. ಮೇಲಿನ ದವಡೆ ಹಲ್ಲಿನ ಬೇರು ಆ ಗೂಡಿಗೆ ತಾಗಿಕೊಂಡೇ ಇರುತ್ತದೆ.

ಸೋಂಕು ಕಣ್ಣಿಗೆ, ಮಿದುಳಿಗೆ ಹರಡುವುದು ಅಪರೂಪ, ಆದರೆ ಇಲ್ಲವೆನ್ನಲಾರೆ. ಕಣ್ಣಿನ ಸುತ್ತ ಬಾವು, ಎರಡೆರಡಾಗಿ ಕಾಣುವುದು, ಜೋರು ಜ್ವರದೊಂದಿಗೆ ಕತ್ತು ಬಿಗಿಯುವುದು ಕಂಡರೆ ಅಂದೇ ಆಸ್ಪತ್ರೆಗೆ. ಸಕ್ಕರೆ ಕಾಯಿಲೆ ಇದ್ದು ಮೂಗಿನಲ್ಲಿ ಕಪ್ಪು ಹಕ್ಕಳೆ ಬಂದರೂ ಹಾಗೆಯೇ. 2021ರ ಕಪ್ಪು ಶಿಲೀಂಧ್ರವನ್ನು ನೀವು ಮರೆತಿರಲಾರಿರಿ.

ಪ್ರಶ್ನೆ: ಮೂರು ವರ್ಷದ ಮೊಮ್ಮಗಳ ಒಂದೇ ಹೊಳ್ಳೆಯಿಂದ ವಾರದಿಂದ ಗಬ್ಬು ಸಿಂಬಳ. ನೆಗಡಿ ಔಷಧಿ ನಾಟಲಿಲ್ಲ.
— ಅಜ್ಜ, ಊರಿಗಾಂ

ಉತ್ತರ: ಇದು ಗುಣವಾಗುವ ತೊಂದರೆ, ಧೈರ್ಯವಾಗಿರಿ. ನೆಗಡಿಯಾದರೆ ಎರಡೂ ಹೊಳ್ಳೆ ಸೋರಬೇಕು. ಒಂದೇ ಕಡೆ, ಅದೂ ವಾಸನೆ ಎಂದರೆ ಮಗು ಏನೋ ತುರುಕಿಕೊಂಡಿರುವ ಸಂಭವವೇ ಹೆಚ್ಚು: ಕಡಲೆಕಾಳು, ಮಣಿ, ಸ್ಪಂಜಿನ ಚೂರು. ಬೆರಳು, ಪಿನ್ನು ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ನಾಳೆಯೇ ಇಎನ್‌ಟಿ ವೈದ್ಯರಿಗೆ ತೋರಿಸಿ.

ಮನೆಯ ಆಟಿಕೆಗಳನ್ನೂ ರಿಮೋಟನ್ನೂ ಒಮ್ಮೆ ನೋಡಿ. ಗುಂಡಿ ಬ್ಯಾಟರಿ ಕಾಣೆಯಾಗಿದ್ದರೆ ಬೆಳಗಾಗುವವರೆಗೂ ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಅದು ಮೂಗಿನ ನಡುಗೋಡೆಯನ್ನೇ ಸುಟ್ಟು ತೂತು ಮಾಡಬಲ್ಲದು. ಮೂಗಿಗೆ ಹನಿ ಹಾಕದೆ, ಏನೂ ತಿನ್ನಿಸದೆ, ಈ ರಾತ್ರಿಯೇ ಕೋಲಾರದ ಜಿಲ್ಲಾಸ್ಪತ್ರೆಗೆ ಹೊರಡಿ.