ಹರಾಜಿನಲ್ಲಿ ಸಿಗದ ಜೋಡಿ

ಹುನಗುಂದ
ಜನವರಿ 2026

ಪ್ರೀತಿಯ ಅಳಿಯಾ,

ಬನಶಂಕರಿ ಜಾತ್ರೆಯಿಂದ ಬಂದು ವಾರವಾಯಿತು. ನಿಮ್ಮತ್ತೆ ಜಾತ್ರೆಯಲ್ಲಿ ಕೊಂಡ ಬಳೆ, ಬಾಂಡೆಯನ್ನೆಲ್ಲ ಎತ್ತಿಟ್ಟಳು. ನನಗೆ ಮಾತ್ರ ನೀವು ನಾಲ್ಕು ಜನ ಹುಡುಗರು ಹೊಂಡದ ಕಟ್ಟೆಯ ಮೇಲೆ ಕೂತು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಮುಂದಿಟ್ಟುಕೊಂಡು ಉಣ್ಣುವುದನ್ನೂ ಮರೆತು ಪ್ರೊ ಕಬಡ್ಡಿ ಲೀಗಿನ ಬೆಂಗಳೂರು ಬುಲ್ಸ್ ತಂಡ ಮುಂದಿನ ಸಲ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಂದು ಜಗಳಕ್ಕೇ ನಿಂತಿದ್ದಿರಿ. ನನಗೆ ಎಷ್ಟು ಖುಷಿಯಾಯಿತು ಅನ್ನುವುದನ್ನು ಅಂದು ಹೇಳಲಿಲ್ಲ. ನಮ್ಮ ಕಾಲದಲ್ಲಿ ಕಬಡ್ಡಿ, ಆಗಿನ ಹುಡುತುತು, ಅಂದರೆ ಓದು ತಲೆಗೆ ಹತ್ತದವರ ಆಟ ಎನ್ನುತ್ತಿದ್ದರು. ಇವತ್ತು ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ಅದೇ ಆಟದ ಬಗ್ಗೆ ಒಂದು ತಾಸು ವಾದ ಮಾಡುತ್ತಾರೆ.

ಆದರೆ ನಿನ್ನದೊಂದು ಮಾತು ನನ್ನನ್ನು ನೋಯಿಸಿತು. ಅದಕ್ಕೇ ಈ ಕಾಗದ.

"ಮುದಿ ಎತ್ತಿಗೆ ಎಪ್ಪತ್ತು ಲಕ್ಷ ಸುರಿದ್ರು ಮಾವಾ, ಅದ ದುಡ್ಡಿನಾಗ ನಾಕು ಹೋರಿ ಬರ್ತಿದ್ವು" ಅಂದೆ. ನಿನ್ನ ಗೆಳೆಯರೆಲ್ಲ ನಕ್ಕರು. ನೀನು ಹೇಳಿದ್ದು ಪರ್ದೀಪ್ ನರ್ವಾಲ್ ಬಗ್ಗೆ. 2024ರ ಆಗಸ್ಟಿನಲ್ಲಿ ಮುಂಬೈನ ಹರಾಜಿನಲ್ಲಿ ಬುಲ್ಸ್ ಅವನನ್ನು 70 ಲಕ್ಷಕ್ಕೆ ಕೊಂಡಾಗ ಅವನಿಗೆ ವಯಸ್ಸು 27. ನಿನಗಿಂತ ಆರು ವರ್ಷ ದೊಡ್ಡವನು, ಅಷ್ಟೇ. ಕಬಡ್ಡಿಯಲ್ಲಿ ಮೊಣಕಾಲಿಗೆ ಬೇಗ ಮುಪ್ಪು ಬರುತ್ತದೆ, ನಿಜ. ಆದರೆ ಅವನ ಕಥೆಯನ್ನು ಮೊದಲಿನಿಂದ ನೋಡಬೇಕು.

2015ರ ಎರಡನೇ ಆವೃತ್ತಿಯಲ್ಲಿ ಆ ಹುಡುಗ ಮೊದಲು ಅಂಗಿ ತೊಟ್ಟದ್ದೇ ಬುಲ್ಸ್ ತಂಡದ್ದು. ಬೆರಳೆಣಿಕೆಯ ಪಂದ್ಯ ಆಡಿಸಿ ಬಿಟ್ಟುಕೊಟ್ಟರು. ಪಟ್ನಾ ಪೈರೇಟ್ಸ್‌ನವರು ಎತ್ತಿಕೊಂಡರು, ಸಾಲಾಗಿ ಮೂರು ಸಲ ಕಪ್ ಗೆದ್ದರು. 2017ರ ಒಂದೇ ಆವೃತ್ತಿಯಲ್ಲಿ ಅವನು ತಂದ ದಾಳಿಯ ಅಂಕ 369. ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 34. ಇಬ್ಬರು ಕೈ ಸರಪಳಿ ಹಾಕಿ ನಿಂತಾಗ ಅವರ ಕೈಯ ಕೆಳಗೆ ನುಸುಳಿ ಹೊರಬರುವ ಆ 'ಡುಬ್ಕಿ'ಯನ್ನು ನಿನ್ನ ಮಾವ ಟಿ.ವಿ. ಮುಂದೆ ಎದ್ದು ನಿಂತು ನೋಡಿದ್ದಾನೆ. 2021ರಲ್ಲಿ ಯು.ಪಿ. ಯೋಧಾ 1.65 ಕೋಟಿ ಕೊಟ್ಟರು. ಅಲ್ಲಿಯವರೆಗೆ ಯಾವ ಆಟಗಾರನಿಗೂ ಅಷ್ಟು ಸಿಕ್ಕಿರಲಿಲ್ಲ. ಒಂಬತ್ತು ವರ್ಷ ಕಳೆದ ಮೇಲೆ ಬುಲ್ಸ್ ಅವನನ್ನು ಮತ್ತೆ ಕರೆತಂದು ನಾಯಕನನ್ನಾಗಿ ಮಾಡಿತು. ಆ ವರ್ಷ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಸೋತದ್ದು 19, ಒಂದು ಸಮ. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದು. ಮರುವರ್ಷದ ಹರಾಜಿನಲ್ಲಿ ಅವನ ಹೆಸರು ಕೂಗಿದಾಗ ಯಾರೂ ಕೈ ಎತ್ತಲಿಲ್ಲ. 1801 ದಾಳಿಯ ಅಂಕ ಬೆನ್ನಿಗಿಟ್ಟುಕೊಂಡು ಆಟ ಬಿಟ್ಟ.

ಆ ಖರೀದಿ ತಪ್ಪು ಅನ್ನು, ಒಪ್ಪುತ್ತೇನೆ. ಹಳೆಯ ಹೆಸರಿಗೆ ದುಡ್ಡು ಕಟ್ಟಿದರು. ಆದರೆ ಅದು ಕೊಂಡವರ ತಪ್ಪು. ಹತ್ತೊಂಬತ್ತು ಪಂದ್ಯ ಸೋಲುವುದು ಒಬ್ಬನಿಂದ ಆಗುವ ಕೆಲಸವಲ್ಲ. ಮತ್ತೆ, ನಮ್ಮ ಮನೆತನದಲ್ಲಿ ದುಡಿದ ಎತ್ತಿಗೆ 'ಮುದಿ' ಅನ್ನುವ ಮಾತನ್ನು ಯಾರೂ ಆಡಿದವರಲ್ಲ.

ಎತ್ತಿನ ಮಾತು ನೀನೇ ತೆಗೆದೆ, ಅದಕ್ಕೆ ನಿಮ್ಮಜ್ಜನ ಕಥೆ ಹೇಳುತ್ತೇನೆ. ನಾನು ಏಳನೇ ಇಯತ್ತೆಯಲ್ಲಿದ್ದೆ. ನಮ್ಮ ಜೋಡಿಯಲ್ಲಿ ಎಡಕ್ಕೆ ಕಟ್ಟುತ್ತಿದ್ದ ಎತ್ತು ಸತ್ತಿತು. ನಿಮ್ಮಜ್ಜ ನನ್ನನ್ನು ಕರೆದುಕೊಂಡು ಅಮೀನಗಡ ಸಂತೆಗೆ ಹೋದ. ದಲಾಲ ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳಿದ. ಹಲ್ಲು ನೋಡಿದ್ದಾಯಿತು, ಸುಳಿ ನೋಡಿದ್ದಾಯಿತು, ನಡೆಸಿ ನೋಡಿದ್ದಾಯಿತು. ಕಿಲಾರಿ ತಳಿಯ ಆರು ಹಲ್ಲಿನ ಎತ್ತು, ಬೆಳ್ಳಗೆ, ನೋಡಲಿಕ್ಕೆ ರಾಜನಂಥದ್ದು. ಇಡೀ ಓಣಿ ನೋಡಲಿಕ್ಕೆ ಬಂತು. ಆದರೆ ಹಿಂಗಾರಿ ಬಿತ್ತನೆಗೆ ನೊಗ ಹೂಡಿದರೆ ಕೂರಿಗೆ ಸಾಲೆಲ್ಲ ಸೊಟ್ಟ. ಹೊಸದು ಮುಂದೆ ಮುಂದೆ ಎಳೆಯುತ್ತಿತ್ತು, ಹಳೆಯದು ಹಿಂದೆ ಬೀಳುತ್ತಿತ್ತು. ನಾಲ್ಕು ದಿನಕ್ಕೆ ಹಳೆಯ ಎತ್ತಿನ ಹೆಗಲು ಹುಣ್ಣಾಯಿತು. ಎತ್ತು ಕೆಟ್ಟದ್ದಲ್ಲ, ಜೋಡಿ ಕೂಡಿರಲಿಲ್ಲ. ನಿಮ್ಮಜ್ಜ ಬಿತ್ತನೆ ನಿಲ್ಲಿಸಿ ಪಕ್ಕದ ಮನೆಯ ಜೋಡಿ ಬೇಡಿ ತಂದ. ತನ್ನ ಎರಡನ್ನೂ ಒಂದೇ ಗ್ವಾದಲಿಗೆ ಕಟ್ಟಿ, ಒಟ್ಟಿಗೆ ಮೇಯಿಸಿ, ಒಟ್ಟಿಗೆ ನೀರಿಗೆ ಒಯ್ದು, ಬರೀ ಖಾಲಿ ಬಂಡಿ ಕಟ್ಟಿ ಊರ ಸುತ್ತ ಓಡಾಡಿಸಿದ. ಮುಂದಿನ ವರ್ಷ ಆ ಜೋಡಿಯ ಸಾಲು ನೂಲು ಹಿಡಿದಂತೆ ಬರುತ್ತಿತ್ತು.

ಕಬಡ್ಡಿಯ ಹಿಡಿತವೂ ಹಾಗೇ. ಮೂಲೆಯವನು ರೇಡರ್‌ನ ಹಿಮ್ಮಡಿಗೆ ಬಿದ್ದ ಕ್ಷಣದಲ್ಲಿ ಕವರ್‌ನವನು ಎದೆಗೆ ಬರಬೇಕು. ಅರ್ಧ ಕ್ಷಣ ಮೊದಲು ಬಂದರೆ ಅವನೂ ಔಟು. ಅರ್ಧ ಕ್ಷಣ ತಡವಾದರೆ ರೇಡರ್‌ನ ಕೈ ನಡುಗೆರೆಗೆ ತಾಗಿರುತ್ತದೆ. ಈ ಅರ್ಧ ಕ್ಷಣ ಹರಾಜಿನಲ್ಲಿ ಮಾರಾಟಕ್ಕಿಲ್ಲ. ನೀವು ಹುಡುಗರು ರೇಡರ್‌ಗಳ ಹೆಸರನ್ನಷ್ಟೇ ಹೇಳುತ್ತಿದ್ದಿರಿ. ಒಬ್ಬನಾದರೂ 'ಇವನ ಪಕ್ಕಕ್ಕೆ ಯಾರು?' ಅಂತ ಕೇಳಲಿಲ್ಲ.

ಕಳೆದ ವರ್ಷದ್ದನ್ನೇ ನೋಡು. 2025ರ ಮೇ 31 ಮತ್ತು ಜೂನ್ 1, ನಮ್ಮ ಕಾರ ಹುಣ್ಣಿಮೆಗೆ ಹತ್ತು ದಿನ ಇರುವಾಗ ಮುಂಬೈಯಲ್ಲಿ ಹರಾಜಾಯಿತು. ಪ್ರತಿ ತಂಡದ ಕೈಚೀಲದಲ್ಲಿ ಐದು ಕೋಟಿ. ಅತಿ ದುಬಾರಿ ಆಟಗಾರ ಇರಾನಿನ ಮೊಹಮ್ಮದ್ರೆಝಾ ಶಾದ್ಲೂಯಿ, ಗುಜರಾತ್ 2.23 ಕೋಟಿ ಕೊಟ್ಟಿತು. ಎರಡನೆಯವನು ದೇವಾಂಕ್ ದಲಾಲ್, ಬಂಗಾಳ 2.205 ಕೋಟಿ ಕೊಟ್ಟಿತು. ಇಬ್ಬರೂ ಹೆಸರಿಗೆ ತಕ್ಕ ಆಟಗಾರರೇ, ಅದರಲ್ಲೂ ದೇವಾಂಕ್ ರಾಶಿ ರಾಶಿ ಅಂಕ ತಂದ. ಆದರೂ ಎರಡೂ ತಂಡ ಮೊದಲ ಎಂಟರೊಳಗೆ ಬರಲಿಲ್ಲ. ಐದು ಕೋಟಿಯಲ್ಲಿ ಎರಡು ಕೋಟಿ ಒಬ್ಬನಿಗೇ ಹೋದರೆ ಉಳಿದ ಆರು ಜಾಗಕ್ಕೆ, ಬದಲಿ ಆಟಗಾರರಿಗೆ ಏನು ಉಳಿಯಿತು? ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಬರುತ್ತದೆ.

ಬುಲ್ಸ್ ದೊಡ್ಡ ದುಡ್ಡು ಕೊಟ್ಟದ್ದು ರೇಡರ್‌ಗಲ್ಲ, ಮೂಲೆಗೆ. ಯೋಗೇಶ್ ದಹಿಯಾಗೆ 1.125 ಕೋಟಿ. ಇನ್ನೊಂದು ಮೂಲೆಗೆ ನಾವ್ಯಾರೂ ಹೆಸರೇ ಕೇಳದ ಎಳೆಯ ಹುಡುಗ ದೀಪಕ್ ಶಂಕರ್. ದಾಳಿಗೆ ಇರಾನಿನ ಅಲಿರೆಝಾ ಮಿರ್ಝಾಯಿಯನ್. ಅವತ್ತು ನೀನೇ ನನಗೆ ಫೋನ್ ಮಾಡಿ "ಈ ಸಲಾನೂ ಹನ್ನೆರಡನೇದ ಗ್ಯಾರಂಟಿ" ಅಂದಿದ್ದೆ. ಆರಂಭದಲ್ಲಿ ಸಾಲು ಸೋಲು ಬಂದಾಗ ಮತ್ತೆ ಫೋನ್ ಮಾಡಿದೆ. ಆಮೇಲೆ ಅವರು ಮೊದಲ ನಾಲ್ಕರೊಳಗೆ ಬಂದು ಪ್ಲೇ ಆಫ್ ಆಡಿದರು. ಆಗ ನಿನ್ನ ಫೋನ್ ಬರಲಿಲ್ಲ! ಕಪ್ ಸಿಗಲಿಲ್ಲ ಎಂಬ ಸಿಟ್ಟು ನಿನಗೆ. ಕೊನೆಯ ಜಾಗದಿಂದ ಒಂದೇ ವರ್ಷದಲ್ಲಿ ಮೇಲೆದ್ದು ಬಂದದ್ದು ನನ್ನ ಕಣ್ಣಿಗೆ ಕಪ್ಪಿಗಿಂತ ಕಡಿಮೆಯದಲ್ಲ.

ಇದರಲ್ಲಿ ಕಳೆದ ವರ್ಷ ಬುಲ್ಸ್‌ಗೆ ತರಬೇತಿ ಕೊಟ್ಟ ಬಿ.ಸಿ. ರಮೇಶ್ ಅವರ ಕೈ ಎಷ್ಟಿದೆ ಅಂತ ನಿಮ್ಮವ್ವನನ್ನು ಕೇಳು, ಅವಳಿಗೆ ಬೇಗ ತಿಳಿಯುತ್ತದೆ. ಅವಳು ನಲವತ್ತು ವರ್ಷದಿಂದ ಇಳಕಲ್ಲಿನ ನಿಮ್ಮ ಮನೆಯಲ್ಲಿ ಸೀರೆಗೆ ಕೊಂಡಿ ಹಾಕುತ್ತಿದ್ದಾಳೆ. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎಳೆಗೆ ಎಳೆ ಕೊಂಡಿ ಕೂಡಿಸದಿದ್ದರೆ ಎರಡೂ ಬೇರೆ ಬೇರೆ ಬಟ್ಟೆಯೇ ಹೊರತು ಸೀರೆಯಲ್ಲ. ಕೊಂಡಿ ಹಾಕಿದವಳ ಹೆಸರು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ತಂಡದಲ್ಲಿ ರಮೇಶ್ ಅವರದೂ ಅದೇ ಕೊಂಡಿಯ ಕೆಲಸ. ಅವರು ನಮ್ಮ ಕರ್ನಾಟಕದವರು, ಅರ್ಜುನ ಪ್ರಶಸ್ತಿ ಪಡೆದವರು. 2019ರಲ್ಲಿ ಬಂಗಾಳಕ್ಕೆ, 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆದ್ದುಕೊಟ್ಟವರು. ಕಳೆದ ವರ್ಷ ಬುಲ್ಸ್ ಮಾಡಿದ ಅತ್ಯುತ್ತಮ ಖರೀದಿ ಹರಾಜಿನ ಪಟ್ಟಿಯಲ್ಲೇ ಇರಲಿಲ್ಲ.

ಈಗ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ನಿಮ್ಮತ್ತೆಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ನಾನು ಪಿ.ಟಿ. ಮಾಸ್ತರ ಆದ ಹೊಸತು. ಜಾತ್ರೆಗೆ 60 ಕೆ.ಜಿ. ತೂಕದ ಪಂದ್ಯಾವಳಿ ಇಟ್ಟಿದ್ದರು. ನಮ್ಮೂರ ತಂಡ ಕಟ್ಟುವ ಜವಾಬ್ದಾರಿ ನನ್ನದು. ಹೇಗಾದರೂ ಢಾಲು ನಮ್ಮೂರಿಗೆ ಬರಬೇಕು ಎಂದು ವರ್ಗಣಿ ಕೂಡಿಸಿ ಹೊರಗಿನಿಂದ ಇಬ್ಬರನ್ನು ಕರೆಸಿದೆ. ಒಳ್ಳೆಯ ಆಟಗಾರರು. ಅವರಿಗೆ ಜಾಗ ಬೇಕಲ್ಲ? ನಮ್ಮ ಎಡ ಮೂಲೆಯ ಹುಡುಗನನ್ನು ಹೊರಗೆ ಕೂರಿಸಿದೆ. ಕುರಿ ಕಾಯುವ ಮನೆಯವನು. ಸಂಜೆ ಕುರಿ ಹಟ್ಟಿಗೆ ಹೊಡೆದು ಮೂರು ಮೈಲಿ ಓಡಿ ಬಂದು ಅಭ್ಯಾಸ ಮಾಡುತ್ತಿದ್ದ. "ಆತು ಸರ" ಅಂದ, ಮತ್ತೇನೂ ಅನ್ನಲಿಲ್ಲ. ಫೈನಲ್‌ನಲ್ಲಿ ಕೊನೆಯ ದಾಳಿ. ಹೊಸಬ ಕಾಲಿಗೆ ಬಿದ್ದ, ಪಕ್ಕದವನಿಗೆ ಅವನು ಬೀಳುತ್ತಾನೆಂಬ ಸುಳಿವೇ ಇರಲಿಲ್ಲ. ಢಾಲು ಬೇರೆ ಊರಿಗೆ ಹೋಯಿತು. ಅದಕ್ಕೆ ನನಗೆ ದುಃಖವಿಲ್ಲ. ಆ ಹುಡುಗ ಮರುದಿನದಿಂದ ಅಂಗಳಕ್ಕೆ ಬರಲಿಲ್ಲ. ನಾನು ಅವನ ಹಟ್ಟಿಗೆ ಹೋಗಿ ಕರೆಯಬೇಕಿತ್ತು, ಹೋಗಲಿಲ್ಲ. ಮೂವತ್ತೈದು ವರ್ಷವಾಯಿತು.

ಅದಕ್ಕೇ ಅಳಿಯಾ, ಯಾರನ್ನು ತರಬೇಕು ಅನ್ನುವ ವಾದ ಶುರುವಾದಾಗಲೆಲ್ಲ ನನ್ನ ಕಣ್ಣು ಹೊರಗೆ ಕೂತವನ ಕಡೆ ಹೋಗುತ್ತದೆ. ಪವನ್ ಸೆಹ್ರಾವತ್‌ನನ್ನು ನೋಡು. ಬುಲ್ಸ್‌ನಲ್ಲೇ ಶುರು ಮಾಡಿ, ಗುಜರಾತ್‌ಗೆ ಹೋಗಿ ಹೆಚ್ಚು ಬೆಳಕಿಗೆ ಬಾರದೆ ಮರಳಿದವನು 2019ರ ಜನವರಿ 5ರಂದು ಫೈನಲ್‌ನಲ್ಲಿ ಒಬ್ಬನೇ 22 ಅಂಕ ತಂದ. 38-33ರಿಂದ ನಮಗೆ ಇವತ್ತಿನವರೆಗಿನ ಒಂದೇ ಒಂದು ಕಪ್ ಬಂತು. ಅದೇ ಪವನ್‌ಗೆ 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟಾಗ ಮೊದಲ ಪಂದ್ಯದಲ್ಲೇ ಮೊಣಕಾಲು ಕೈಕೊಟ್ಟಿತು. ಕ್ರಿಕೆಟ್ಟಿನ ರಜತ್ ಪಾಟೀದಾರ್‌ನನ್ನು 2022ರ ಹರಾಜಿನಲ್ಲಿ ಯಾರೂ ಕೊಳ್ಳಲೇ ಇಲ್ಲ, ಗಾಯಗೊಂಡ ಲವನೀತ್ ಸಿಸೋಡಿಯಾ ಬದಲಿಗೆ ಬಂದವನು. ಮೂರು ವರ್ಷಕ್ಕೆ ಆರ್‌ಸಿಬಿಗೆ ಕಪ್ ಎತ್ತಿಕೊಟ್ಟ ನಾಯಕ ಅವನೇ. ದರ ಹೇಳುವುದು ಹರಾಜಿನ ದಿನದ ಹಸಿವನ್ನು. ಆಟಗಾರನ ತೂಕ ಬೇರೆ.

'ಹೆಸರು ಬೆಂಗಳೂರು, ಒಳಗೆ ಕನ್ನಡದ ಹುಡುಗರೆಲ್ಲಿ?' ಎಂದು ಜಾತ್ರೆಯಲ್ಲಿ ನಿಮ್ಮಲ್ಲೊಬ್ಬ ಅಂದ ಮಾತು ಮಾತ್ರ ನನಗೆ ನೇರವಾಗಿ ತಾಗಿತು. ಅವನು ಕೇಳಿದ್ದು ಸರಿ. 2023ರ ಡಿಸೆಂಬರಿನಲ್ಲಿ ಬುಲ್ಸ್ ಕಂಠೀರವ ಒಳಾಂಗಣದಲ್ಲಿ ಆಡಿದ ಮೇಲೆ ಎರಡು ಆವೃತ್ತಿ ಕಳೆದವು, ಬೆಂಗಳೂರಿನಲ್ಲಿ ಒಂದು ಪಂದ್ಯವೂ ನಡೆದಿಲ್ಲ. ತಮ್ಮೂರಿನವರನ್ನು ಕಣ್ಣಾರೆ ನೋಡದೆ ಹುಡುಗರಲ್ಲಿ ಆಸೆ ಹುಟ್ಟುವುದು ಹೇಗೆ? ಕರಾವಳಿಯ ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ ತಂದಳು. ನಮ್ಮ ಕಡೆ ಕೃಷ್ಣೆ, ಮಲಪ್ರಭೆಯ ದಂಡೆಯ ಹುಡುಗರಿಗೆ ಮೈಕಟ್ಟು ಕಡಿಮೆಯೇ, ಉಸಿರು ಕಡಿಮೆಯೇ? ಕಡಿಮೆ ಇರುವುದು ಮ್ಯಾಟು. ಮಣ್ಣಿನ ಮೇಲೆ ಬರಿಗಾಲು ಜಾರುತ್ತದೆ, ಆದ್ದರಿಂದ ಹುಡುಗ ಅಳೆದು ಹೆಜ್ಜೆ ಇಡುವುದನ್ನು ಕಲಿಯುತ್ತಾನೆ. ಮ್ಯಾಟ್ ಮೇಲೆ ಬೂಟು ಕಚ್ಚಿ ಹಿಡಿಯುತ್ತದೆ, ತಿರುಗುವ ವೇಗವೇ ಬೇರೆ, ಬೀಳುವ ರೀತಿಯೇ ಬೇರೆ. ನನ್ನ ನೌಕರಿ ಮುಗಿಯುವವರೆಗೂ ನನ್ನ ಹುಡುಗರು ಮ್ಯಾಟ್ ಮೆಟ್ಟಿದ್ದು ದೊಡ್ಡ ಪಂದ್ಯಕ್ಕೆ ಹೋದ ದಿನವೇ, ಸೋತದ್ದೂ ಅದೇ ದಿನವೇ. ಹದಿನಾರಕ್ಕೆ ಕಲಿಯಬೇಕಾದದ್ದನ್ನು ಇಪ್ಪತ್ತೆರಡಕ್ಕೆ ಕಲಿಯಲಿಕ್ಕಾಗುವುದಿಲ್ಲ.

ಈಗ ನಾವು ನಾಲ್ಕು ಜನ ನಿವೃತ್ತ ಮಾಸ್ತರರು ಸೇರಿ ಹಳೆಯ ಮ್ಯಾಟ್ ಒಂದನ್ನು ಕೊಂಡಿದ್ದೇವೆ. ಅಂಚು ಹರಿದಿದೆ, ನಡುವೆ ಚೆನ್ನಾಗಿದೆ. ರವಿವಾರ ಮುಂಜಾನೆ ಆರಕ್ಕೆ ಹಾಸುತ್ತೇವೆ. ಹದಿನಾಲ್ಕು ಹುಡುಗರು, ಆರು ಹುಡುಗಿಯರು ಬರುತ್ತಾರೆ. ಯುಗಾದಿಯ ಮೇಲೆ 55 ಕೆ.ಜಿ. ಪಂದ್ಯಾವಳಿಗೆ ತಂಡ ಕಟ್ಟಬೇಕು. ಹೊರಗಿನವರನ್ನು ಕರೆಸುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೇನೆ. ಎಡ ಮೂಲೆಗೆ ಇಬ್ಬರು ಹುಡುಗರ ನಡುವೆ ನನಗೆ ತೀರ್ಮಾನವಾಗುತ್ತಿಲ್ಲ. ಒಬ್ಬನಿಗೆ ವೇಗವಿದೆ. ಇನ್ನೊಬ್ಬ ಪಕ್ಕದವನ ಹೆಜ್ಜೆ ಕೇಳಿಸಿಕೊಂಡು ನಿಲ್ಲುತ್ತಾನೆ. ಜಾತ್ರೆಯಲ್ಲಿ ಅಷ್ಟು ಜೋರಾಗಿ ವಾದಿಸಿದ ನೀನು, ನಿನ್ನ ಗೆಳೆಯರು ಬಂದು ಅಂಚಿಗೆ ಕೂತು ನೋಡಿ ಹೇಳಬೇಕು. ಶನಿವಾರ ಸಂಜೆಯ ಬಸ್ಸಿಗೆ ಬಾ, ರಾತ್ರಿ ಊಟ ನಮ್ಮಲ್ಲೇ.

ಬರುವಾಗ ನಿಮ್ಮ ಹಾಸ್ಟೆಲಿನಲ್ಲಿ ಯಾರದ್ದಾದರೂ ಹಳೆಯ ಕಬಡ್ಡಿ ಬೂಟು ಇದ್ದರೆ ಕೇಳಿ ತಾ. ಆರು, ಏಳನೇ ನಂಬರಿನವು. ನಮ್ಮಲ್ಲಿ ಐದು ಮಕ್ಕಳಿಗೆ ಬೂಟಿಲ್ಲ.

ಇಂತಿ ನಿನ್ನ
ಸೋದರಮಾವ