ದಿನ ತುಂಬಿದ ಮನೆಯಲ್ಲಿ ನಂಬಿಕೆ

ಓದುವ ಭಾಗ: ಲೂಕ 1:5–25, 36–64

ನಮ್ಮ ಯೌವನಸ್ಥರ ಕೂಟದಲ್ಲಿ ಈಗ ಮೂರು ಜೋಡಿ ಮಗುವಿಗಾಗಿ ಕಾಯ್ತಾ ಇದ್ದಾರೆ. ಅದಕ್ಕೇ ಈ ಪಾಠ. ಮದುವೆ ಆಗದವರು ಫೋನ್ ತೆಗೀಬೇಡಿ, ನಿಮಗೂ ಇದರಲ್ಲಿ ಕೆಲಸ ಇದೆ.

ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ದಿನ ತುಂಬಿತ್ತು. ಡಾಕ್ಟರ್ ಕೊಟ್ಟ ತಾರೀಕು ಬಂತು, ಹೋಯ್ತು. ನೋವಿಲ್ಲ. ರಾತ್ರಿ ಮಗ್ಗುಲು ಬದಲಾಯಿಸೋಕೂ ನನ್ನ ಕೈ ಹಿಡೀಬೇಕಿತ್ತು. ಬೆಳಗ್ಗೆ ಎದ್ದರೆ ವಾಟ್ಸ್ಯಾಪ್ ತುಂಬಾ ಒಂದೇ ಪ್ರಶ್ನೆ: "ಏನಾದ್ರೂ ಸುದ್ದಿ ಇದ್ಯಾ?" ಒಬ್ಬರಂತೂ, "ಬ್ರದರ್, ಶುಕ್ರವಾರ ಆಗುತ್ತೆ ಅಂತ ಕರ್ತನು ತೋರಿಸಿದರು" ಅಂದರು. ಶುಕ್ರವಾರವೂ ಹೋಯ್ತು. ಅವಳು ಫೋನ್ ಆಫ್ ಮಾಡಿ ಅತ್ತಳು. "ನನ್ನ ನಂಬಿಕೆಯಲ್ಲೇ ಏನೋ ಕಮ್ಮಿ ಇದೆ ಅನ್ಸುತ್ತೆ ರೀ" ಅಂದಳು.

ಸಹೋದರಿಯರೇ, ಇದನ್ನು ತಿಳ್ಕೊಳ್ಳಿ. ಡ್ಯೂ ಡೇಟ್ ಅನ್ನೋದು ಕೊನೇ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕುವ ಅಂದಾಜು. ಸರಿಯಾಗಿ ಅದೇ ದಿನ ಹುಟ್ಟೋದು ಸುಮಾರು ಇಪ್ಪತ್ತರಲ್ಲಿ ಒಂದು ಮಗು ಮಾತ್ರ. 37ನೇ ವಾರ ತುಂಬಿದ ಮೇಲೆ 42 ತುಂಬುವುದರೊಳಗೆ ಹೆಚ್ಚಿನ ಮಕ್ಕಳು ಬಂದುಬಿಡ್ತವೆ. 41 ವಾರ ದಾಟಿದರೆ ನೋವು ಬರಿಸೋಣ ಅಂತ ಡಾಕ್ಟರ್ ಹೇಳಬಹುದು. ಇದರಲ್ಲಿ ಯಾವುದಕ್ಕೂ ನಿಮ್ಮ ನಂಬಿಕೆಯ ಅಳತೆಗೂ ಸಂಬಂಧ ಇಲ್ಲ.

ಈಗ ವಾಕ್ಯಕ್ಕೆ ಬರೋಣ. ಜಕರೀಯನು ಯಾಜಕ. ದೇವದೂತನ ಮಾತು ನಂಬಲಿಲ್ಲ, ಅದಕ್ಕೆ ಅವನ ಬಾಯಿ ಕಟ್ಟಿಹೋಯ್ತು. ಮಗು ಹುಟ್ಟಿ, ಎಂಟನೇ ದಿನ ಹೆಸರಿಡುವ ತನಕ ಮಾತಿಲ್ಲ. ಅದು ಶಿಕ್ಷೆ ಅಂತ ನಾನೇ ಎಷ್ಟೋ ಸಾರಿ ಬೋಧಿಸಿದ್ದೀನಿ. ಈಗ ಇನ್ನೊಂದು ಯೋಚನೆ ಬರುತ್ತೆ: ಎಲಿಸಬೇತಳಿಗೆ ಅದು ಕೃಪೆಯೂ ಆಗಿತ್ತೇನೋ! ವಯಸ್ಸಾದ ಹೆಂಗಸು, ಮೊದಲ ಬಸುರು. ಪಕ್ಕದಲ್ಲಿ ಗಂಡ ಇದ್ದ, ಪ್ರಸಂಗ ಮಾತ್ರ ಇರಲಿಲ್ಲ.

ನನ್ನ ಬಾಯಿ ಕಟ್ಟಿರಲಿಲ್ಲ. 40 ವಾರ 5 ದಿನ ಆಗಿತ್ತು. ರಾತ್ರಿ ಹನ್ನೊಂದು ಗಂಟೆಗೆ ಅವಳು, "ಸಂಜೆಯಿಂದ ಮಗು ಸರಿಯಾಗಿ ಒದೀತಿಲ್ಲ ರೀ" ಅಂದಳು. ನಾನು ತಲೆ ಮೇಲೆ ಕೈ ಇಟ್ಟು, "ಪ್ರಾರ್ಥನೆ ಮಾಡೋಣ, ಬೆಳಗ್ಗೆ ನೋಡೋಣ" ಅಂದೆ. ಕೊನೇ ದಿನಗಳಲ್ಲಿ ಮಗು ಅಲ್ಲಾಡೋದು ಕಮ್ಮಿ ಆಗುತ್ತೆ ಅಂತ ಯಾರೋ ಹೇಳಿದ್ದು ನೆನಪಿತ್ತು. ಅದು ತಪ್ಪು ಮಾತು ಅಂತ ಆಮೇಲೆ ಗೊತ್ತಾಯ್ತು. ಕರ್ತನ ಮುಂದೆ ನಿಜ ಹೇಳ್ತೀನಿ, ಅವತ್ತು ನನ್ನಲ್ಲಿದ್ದದ್ದು ನಂಬಿಕೆ ಅಲ್ಲ. ಭಯ ಇತ್ತು. "ಪಾಸ್ಟರ್ ಹೆಂಡತಿಗೇ ಸಿಸೇರಿಯನ್ ಅಂತೆ" ಅಂತ ಜನ ಆಡ್ಕೋತಾರೆ ಅನ್ನೋ ನಾಚಿಕೆ ಇತ್ತು.

ನಮ್ಮ ಅತ್ತೆ ಅಷ್ಟರಲ್ಲಿ ತಾಯಿ ಕಾರ್ಡು, ಬಟ್ಟೆ ಬ್ಯಾಗು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದರು. "ಪ್ರಾರ್ಥನೆ ಆಟೋದಲ್ಲೂ ಮಾಡಬಹುದು, ಏಳಿ" ಅಂದರು.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಹೃದಯ ಬಡಿತ ನೋಡಿದರು. ಬಡಿತ ಮಧ್ಯೆ ಮಧ್ಯೆ ಇಳೀತಾ ಇತ್ತು. ಒಂದು ಗಂಟೆ ಒಳಗೆ ಆಪರೇಷನ್. ಮಗಳು ಅತ್ತ ಶಬ್ದ ಹೊರಗೆ ಕೇಳಿಸ್ತು. ದೇವರಿಗೆ ಸ್ತೋತ್ರ! ಬೆಳಗ್ಗೆ ತನಕ ಕಾದಿದ್ದರೆ ಅಂತ ಯೋಚಿಸಿದರೆ ಈಗಲೂ ಕೈ ನಡುಗುತ್ತೆ.

ನಮ್ಮ ಅತ್ತೆ ಆ ರಾತ್ರಿ ಮಾಡಿದ್ದನ್ನು ಮರಿಯಳಲ್ಲೂ ನೋಡ್ತೀನಿ. ಎಲಿಸಬೇತಳಿಗೆ ಆರನೇ ತಿಂಗಳು ಅಂತ ಕೇಳಿದ ಕೂಡಲೇ ಅವಳು ಬೆಟ್ಟದ ಸೀಮೆಗೆ ಅವಸರದಿಂದ ಹೊರಟಳು. ಅಲ್ಲಿ ಸುಮಾರು ಮೂರು ತಿಂಗಳು ಇದ್ದಳು. ಲೆಕ್ಕ ಹಾಕಿ. ಆ ಭಾರವಾದ ಕೊನೇ ತಿಂಗಳುಗಳಲ್ಲೇ ಅವಳು ಜೊತೆಗಿದ್ದದ್ದು. ಅವಳಿಗೂ ಮದುವೆ ಆಗಿರಲಿಲ್ಲ, ನೆನಪಿರಲಿ.

ಹಾಗಾದರೆ ಈ ವಾರದಿಂದ ನಾವು ಏನು ಮಾಡೋಣ?

ಒಂದು, "ಸುದ್ದಿ ಇದ್ಯಾ" ಅಂತ ಕೇಳಬೇಡಿ. ಒಂದು ಡಬ್ಬಿ ಸಾರು ತಗೊಂಡು ಹೋಗಿ, ಪಾತ್ರೆ ತೊಳೆದು ಬನ್ನಿ.

ಎರಡು, ತಾರೀಕು ಪ್ರವಾದಿಸಬೇಡಿ. ನಾರ್ಮಲ್ ಆದರೂ ಸಿಸೇರಿಯನ್ ಆದರೂ ಮಗು ಕರ್ತನ ದಾನ. ಸಾಕ್ಷಿ ಹೇಳುವಾಗ ಒಂದನ್ನು ದೊಡ್ಡದು ಮಾಡಿ ಇನ್ನೊಬ್ಬ ತಾಯಿಯನ್ನು ಕುಗ್ಗಿಸಬೇಡಿ.

ಮೂರು, ಗಂಡಂದಿರೇ, ಬ್ಯಾಗ್ ಈಗಲೇ ರೆಡಿ ಇಡಿ. ಹೊಟ್ಟೆ ಗಟ್ಟಿಯಾಗಿ ಮತ್ತೆ ಸಡಿಲ ಆಗಿ ನಿಂತುಹೋಗುವ ಸುಳ್ಳು ನೋವು ಬರಬಹುದು, ಅದಕ್ಕೆ ಗಾಬರಿ ಬೇಡ. ಆದರೆ ಮಗುವಿನ ಚಲನೆ ಕಮ್ಮಿ ಆದರೆ, ನೀರು ಹೋದರೆ, ರಕ್ತ ಕಂಡರೆ, ತಲೆನೋವು ಜೋರಾಗಿ ಕಣ್ಣು ಮಂಜಾದರೆ ಬೆಳಗಾಗಲಿ ಅನ್ನಬೇಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಪ್ರಾರ್ಥನೆ ಮಾಡಿ, ಕರ್ತನು ಅಲ್ಲೂ ಕೇಳ್ತಾರೆ.

ಪ್ರಾರ್ಥಿಸೋಣ. ಕರ್ತನೇ, ಕಾಯ್ತಾ ಇರುವ ಈ ಮೂವರು ಸಹೋದರಿಯರ ಹತ್ತಿರ ಇರು. ಅವರಿಗೆ ನಿದ್ರೆ ಕೊಡು. ಡಾಕ್ಟರ್, ನರ್ಸ್‌ಗಳ ಕೈಗಳನ್ನು ಆಶೀರ್ವದಿಸು. ನಮ್ಮ ಬಾಯಿ ಯಾವಾಗ ಮುಚ್ಚಬೇಕು, ಕಾಲು ಯಾವಾಗ ಓಡಬೇಕು ಅಂತ ನಮಗೆ ಕಲಿಸು. ಯೇಸುವಿನ ನಾಮದಲ್ಲಿ, ಆಮೆನ್.