ಈ ‘ಡೇಟ್’ ಯಾವ ಡೇಟು?

ಹಾಲಿನ ಡೇರಿಯ ಡೇಟಾಬೇಸ್‌ನಲ್ಲಿ ಹೆಸರುಗಳನ್ನೆಲ್ಲ ಬದಲಿಸಬೇಕೇ ಎಂದು ಕೇಳಿದ್ದೀರಿ. ಎಲ್ಲವನ್ನೂ ಬೇಡ. ಮೊದಲು ‘ಡೇಟ್’ ಕಾಲಂ ನೋಡಿ: ಅದು ಹಾಲು ಹಾಕಿದ ದಿನವೋ, ಬಟವಾಡೆಯ ದಿನವೋ? ‘ಕಲೆಕ್ಷನ್_ಡೇಟ್’, ‘ಪೇಮೆಂಟ್_ಡೇಟ್’ ಎಂದು ಬೇರೆ ಮಾಡಿ. ‘ಕ್ವಾಂಟಿಟಿ’ಯೂ ಅಷ್ಟೇ. ಲೀಟರೋ ಕೆಜಿಯೋ ಹೆಸರಲ್ಲೇ ಇರಲಿ. ಸಾವಿರ ಲೀಟರ್ ಹಾಲು ಸುಮಾರು 1,030 ಕೆಜಿ ತೂಗುತ್ತದೆ, ಲೆಕ್ಕ ತಪ್ಪಿದರೆ ಜಗಳ ಗ್ಯಾರಂಟಿ.

‘ಆರ್ಡರ್’ ಎಂಬ ಟೇಬಲ್ ಬೇಡವೇ ಬೇಡ. ಅದು ಎಸ್‌ಕ್ಯೂಎಲ್‌ನ ರಿಸರ್ವ್ಡ್ ಪದ, ಕೋಟ್ಸ್ ಹಾಕಲು ಮರೆತರೆ ಎರರ್. ಹಾಗಂತ ಹನುಮಂತನ ಬಾಲದಂಥ ಹೆಸರೂ ಬೇಡ: ಪೋಸ್ಟ್‌ಗ್ರೆಸ್ ಮಾಮೂಲಿಯಾಗಿ 63 ಬೈಟ್ ದಾಟಿದ್ದನ್ನು ಕತ್ತರಿಸಿಬಿಡುತ್ತದೆ. ‘ಟಿಬಿಎಲ್_’ ಪ್ರಿಫಿಕ್ಸ್ ನನಗಂತೂ ಸೇರುವುದಿಲ್ಲ. ನಿಮಗೆ ರೂಢಿಯಾಗಿದ್ದರೆ ಇರಲಿ.

ಟೇಬಲ್‌ನ ಹೆಸರು ಬದಲಿಸಿದ ಮೇಲೆ ಹಳೆ ಹೆಸರಿನಲ್ಲೇ, ಹಳೆ ಕಾಲಂಗಳೊಂದಿಗೆ ಒಂದು ವ್ಯೂ ಮಾಡಿಡಿ. ಹಳೆಯ ರಿಪೋರ್ಟುಗಳು ನಿಲ್ಲುವುದಿಲ್ಲ.